ಗೆಲ್ಲಲಾರದ ಜೂಜು

ಕಂಪ್ಲಿಯ ಬೀದಿಯಲ್ಲೋ ಸಂಡೂರಿನ ಬಯಲಿನಲ್ಲೋ ನಾಲ್ವರು ಕೂಲಿಗಳು ಹಣ ಕಟ್ಟಿ ಅಂದರ್-ಬಾಹರ್ ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯಿದೆಯ 87ನೆಯ ಕಲಮು ಅವರನ್ನು ಹಿಡಿಯುತ್ತದೆ. ಇಸ್ಪೀಟೆಲೆಯೂ ಕಣದ ಹಣವೂ ಜಪ್ತಿಯಾಗುತ್ತವೆ. ಅದೇ ಕೂಲಿಯ ಮಗ ಅಪ್ಪನ ಮೊಬೈಲಿನ ಆಟದಲ್ಲಿ, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಯೊಂದನ್ನು ದುಡ್ಡು ಕೊಟ್ಟು ಕೊಂಡರೆ ಅದಕ್ಕೆ ವ್ಯಾಪಾರವೆಂದು ಹೆಸರು. ಇದೇ ‘ಲೂಟ್ ಬಾಕ್ಸ್’. ತೆರೆದರೆ ಬಯಸಿದ ಬಂದೂಕೋ ಉಡುಪೋ ಸಿಕ್ಕೀತು. ಬಹುಮಟ್ಟಿಗೆ ಸಿಗುವುದು ಕೆಲಸಕ್ಕೆ ಬಾರದ್ದು. ಆಗ ಮತ್ತೊಂದು ಪೆಟ್ಟಿಗೆ, ಮತ್ತಷ್ಟು ದುಡ್ಡು.

ಇದು ಜೂಜೇ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಗೆದ್ದದ್ದನ್ನು ಹಣವಾಗಿಸಲು ಬಾರದು, ಆದ್ದರಿಂದ ಜೂಜಲ್ಲ ಎಂದು ಕಂಪನಿಗಳು ವಾದಿಸುತ್ತವೆ. ಎಂಥ ತರ್ಕ! ಇಸ್ಪೀಟು ಆಡುವವನಿಗೆ ಒಮ್ಮೆಯಾದರೂ ಹಣ ಮರಳೀತು. ಇಲ್ಲಿ ಎಂದೂ ಮರಳದು. ಆಡುವವನು ಗೆಲ್ಲಲಾರನೆಂಬುದೇ ಮಾರುವವನಿಗೆ ಗುರಾಣಿಯಾಗಿದೆ. ನಿಜವಾಗಿ ಮಾರಾಟವಾಗುವ ಸರಕು ಉಡುಪಲ್ಲ, ಆಸೆ. ಆಸೆಯ ಮಾರಾಟ ಬಡವರ ಮನೆ ಮುರಿಯುತ್ತದೆಂಬ ಕೂಗಿಗೆ ಮಣಿದೇ 2007ರಲ್ಲಿ ನಮ್ಮ ರಾಜ್ಯ ಲಾಟರಿಯನ್ನು ನಿಷೇಧಿಸಿತು.

ಹಾಗಾದರೆ ಹಂಪಿ ಜಾತ್ರೆಯಲ್ಲಿ ಮಗು ಚಕ್ರ ತಿರುಗಿಸುವುದೂ ತಪ್ಪೇ ಎಂದು ಕೆಲವರು ಕೇಳಬಹುದು. ಜಾತ್ರೆಯ ಚಕ್ರದ ಮನೆಗಳನ್ನು ಮಗು ಎಣಿಸಬಹುದು. ಜಾತ್ರೆ ಮುಗಿದರೆ ಚಕ್ರವೂ ಹೋಗುತ್ತದೆ. ಮೊಬೈಲಿನ ಚಕ್ರದ ಲೆಕ್ಕ ಕಂಪನಿಯ ಕೈಯಲ್ಲಿ. ಅದು ಹಗಲಿರುಳೂ ಮಗುವಿನ ಕೈಯಲ್ಲಿ.

ಕಾನೂನು ಏನು ಮಾಡಿದೆ? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2021ರ ರಾಜ್ಯದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯಿದೆ ಲಾಭದ ನಿರೀಕ್ಷೆಯಿಂದ ಪಣವೊಡ್ಡುವ ಆಟಗಳನ್ನು ನಿಷೇಧಿಸಿತು. ಈ ಪೆಟ್ಟಿಗೆಯನ್ನು ಮಾತ್ರ ಹೆಸರೆತ್ತಿ ಹೇಳಲಿಲ್ಲ. ಯಾವ ವಸ್ತು ಸಿಗುವ ಸಂಭವ ಎಷ್ಟೆಂದು ಪ್ರಕಟಿಸಬೇಕೆಂದು ಚೀನಾ 2017ರಲ್ಲೇ ವಿಧಿಸಿತು. ಬೆಲ್ಜಿಯಂ 2018ರಲ್ಲಿ ಇದನ್ನು ಜೂಜೆಂದೇ ಸಾರಿತು. ಆದರೂ ಅಲ್ಲಿ ಮಾರಾಟ ನಿಲ್ಲಲಿಲ್ಲ. ಸಾರಿದರೆ ಸಾಲದು, ಜಾರಿಯಾಗಬೇಕು.

ನಮ್ಮ ಬೇಡಿಕೆಗಳು ಮೂರು. ಹದಿನೆಂಟು ತುಂಬದವರಿಗೆ ಈ ಮಾರಾಟ ಕೂಡದು. ದುಡ್ಡು ತೆಗೆದುಕೊಳ್ಳುವ ಮುನ್ನ ಗೆಲುವಿನ ಸಂಭವವನ್ನು ಕನ್ನಡದಲ್ಲಿ ತೋರಿಸಬೇಕು. ತಪ್ಪಿದರೆ ಶಿಕ್ಷೆ ಮಾರಿದವನಿಗೆ. ಆಡಿದ ಹುಡುಗನಿಗಲ್ಲ, ಅವನ ತಂದೆಗೂ ಅಲ್ಲ.

ವಿಜಯನಗರ, ಸಂಡೂರು, ಕಂಪ್ಲಿ ಕ್ಷೇತ್ರಗಳ ಶಾಸಕರು ಈ ಪ್ರಶ್ನೆಯನ್ನು ವಿಧಾನಸಭೆಯಲ್ಲಿ ಎತ್ತಲಿ. ಬೀದಿಯ ಕೂಲಿಗೊಂದು ನ್ಯಾಯ, ಬಂಡವಾಳಗಾರನಿಗೊಂದು ನ್ಯಾಯ ಇನ್ನು ನಡೆಯಕೂಡದು.