ಆಕಾಶಮಾರ್ಗದ ಮಾತು

ನಮ್ಮ ಸಿಂಗಟಗೆರೆಯ ಗೃಹಿಣಿಯೊಬ್ಬರು ಕಳೆದ ತಿಂಗಳು ಜಗುಲಿಗೆ ಬಂದು ತಮ್ಮ ಸಂಕಟವನ್ನು ತೋಡಿಕೊಂಡರು. ಅವರ ಮಗನು ಸರಕುಹಡಗೊಂದರಲ್ಲಿ ಉದ್ಯೋಗದಲ್ಲಿರುವನು. ನಡುಗಡಲಿನಿಂದ ವಾರಕ್ಕೊಮ್ಮೆ ಇಂಟರ್‌ನೆಟ್ಟಿನ ಮೂಲಕ ಮನೆಗೆ ಫೋನು ಮಾಡುವನು. "ಮೇಷ್ಟ್ರೇ, ಊಟ ಆಯ್ತೇನೋ ಅಂದ್ರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಆಯ್ತಮ್ಮ ಅಂತಾನೆ. ನಾನು ಇನ್ನೊಂದು ಮಾತು ಶುರುಮಾಡಿದ್ರೆ ನಡುವೆ ಬಾಯಿಹಾಕ್ತಾನೆ. ಏನೋ ಮುಚ್ಚಿಡ್ತಿದಾನೆ" ಎಂದು ಕಣ್ಣೊರೆಸಿಕೊಂಡರು. ಈ ಶಂಕೆಯಿಂದ ಎರಡು ವಾರ ಅವರು ಮಗನ ಕರೆಯನ್ನೇ ತೆಗೆದುಕೊಂಡಿರಲಿಲ್ಲ.

ವಾಚಕರೇ, ಆ ಮೌನವು ಮಗನದಲ್ಲ, ದೂರದ್ದು. ಇದನ್ನು ತಿಳಿಯದೆ ಎಷ್ಟು ಮನೆಗಳಲ್ಲಿ ಮನಸ್ತಾಪಗಳು ಹುಟ್ಟಿರುವುವೋ! ಅದುಕಾರಣ ಈ ಸಲ ಇದೇ ವಿಷಯವನ್ನು ವಿವರಿಸುತ್ತೇನೆ.

ಶಬ್ದವು ಆಕಾಶದ ಗುಣವೆಂದು ನಮ್ಮ ತಾರ್ಕಿಕರು ಹೇಳಿದರು. ಆದರೆ ಗಾಳಿಯಿಲ್ಲದ ಎಡೆಯಲ್ಲಿ ಶಬ್ದವು ಚಲಿಸದು. ಆದಕಾರಣ ಯಂತ್ರವು ಮೊದಲು ಮಾತನ್ನು ಅಂಕಿಗಳಾಗಿ ಮಾರ್ಪಡಿಸಿ, ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ ಸಣ್ಣ ಸಣ್ಣ ಪೊಟ್ಟಣಗಳನ್ನಾಗಿ ಕಟ್ಟುವುದು. ಹಡಗಿನ ಮೇಲಿರುವ ಬೋಗುಣಿಯಾಕಾರದ ಆಂಟೆನಾ ಅವುಗಳನ್ನು ರೇಡಿಯೋ ಅಲೆಗಳ ಮೂಲಕ ಉಪಗ್ರಹಕ್ಕೆ ಕಳುಹುವುದು. ಉಪಗ್ರಹವು ಅವನ್ನು ನೆಲದ ಮೇಲಿನ ಕೇಂದ್ರವೊಂದಕ್ಕೆ ಇಳಿಸುವುದು. ಅಲ್ಲಿಂದ ತಂತಿಗಳ ಮಾರ್ಗವಾಗಿ ನಮ್ಮೂರಿನ ಮೊಬೈಲ್ ಗೋಪುರಕ್ಕೂ, ಅಲ್ಲಿಂದ ತಾಯಿಯ ಕಿವಿಗೂ ಆ ಮಾತು ಬಂದು ಸೇರುವುದು.

ಭೂಮಿಯೊಡನೆ ಸಮನಾಗಿ ಸುತ್ತುತ್ತ ಒಂದೇ ಎಡೆಯಲ್ಲಿ ನಿಂತಂತೆ ಕಾಣುವ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುತ್ತವೆ. ನಮ್ಮ ದೇಶದ ಇಂತಹ ಉಪಗ್ರಹಗಳನ್ನು ಅಂಕೆಯಲ್ಲಿಡುವ ಮುಖ್ಯ ಕೇಂದ್ರವು 1982ರಿಂದ ಹಾಸನದಲ್ಲಿದೆ. ಕಡೂರಿನಲ್ಲಿ ರೈಲು ಹತ್ತಿ ಅರಸೀಕೆರೆಯಲ್ಲಿ ತಿರುಗಿದರೆ ಸಿಕ್ಕುವ ಊರದು!

ಇನ್ನು ಲೆಕ್ಕವನ್ನು ನೋಡೋಣ. ಮೇಲಕ್ಕೆ 36,000, ಕೆಳಕ್ಕೆ 36,000, ಕೂಡಿ 72,000 ಕಿಲೋಮೀಟರು. ರೇಡಿಯೋ ಅಲೆಯ ವೇಗವು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು. ಎಂದಮೇಲೆ ತಾಯಿಯ ಪ್ರಶ್ನೆಯು ಮಗನನ್ನು ಮುಟ್ಟಲು ಕಾಲು ಸೆಕೆಂಡು, ಉತ್ತರವು ಮರಳಲು ಮತ್ತೆ ಕಾಲು ಸೆಕೆಂಡು ಬೇಕು. ಪೊಟ್ಟಣ ಕಟ್ಟಿ ಬಿಚ್ಚುವ ಕಾಲವು ಇದರ ಮೇಲೆ. ಅರ್ಧ ಸೆಕೆಂಡು ಯಾವ ಮಹಾಕಾಲ ಎನ್ನಬಹುದು. ಆದರೆ ಎದುರೆದುರು ಕುಳಿತು ಮಾತನಾಡುವಾಗ ಒಬ್ಬರು ನಿಲ್ಲಿಸಿ ಮತ್ತೊಬ್ಬರು ತೊಡಗಲು ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಪಾಲು ಸಾಕು. ಅದಕ್ಕಿಂತ ಹೆಚ್ಚಾದರೆ ನಮ್ಮ ಮನಸ್ಸು ಒಡನೆಯೇ ಏನಾದರೊಂದು ಅರ್ಥವನ್ನು ಕಲ್ಪಿಸುವುದು. ಹಾಗೆ ಕಾಯಲಾರದೆ ನಾವು ಮುಂದಿನ ಮಾತನ್ನೆತ್ತುವಷ್ಟರಲ್ಲಿ ಹಿಂದಿನ ಉತ್ತರವು ಬಂದು ಬೀಳುವುದು. ಅದೇ ಆ ತಾಯಿ ಹೇಳಿದ 'ಬಾಯಿಹಾಕುವಿಕೆ'.

ಕಡಲಿನವರಿಗೆ ಮಾತ್ರವೇ ಇದು ಸಂಬಂಧಿಸಿದುದಲ್ಲ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಹಾಕಿದ ಕಡಲಡಿಯ ತಂತಿಯು ಉದ್ಘಾಟನೆಯಾಗುವವರೆಗೆ ಲಕ್ಷದ್ವೀಪಕ್ಕೆ ಹೊರಗಿನ ಸಂಪರ್ಕವೆಲ್ಲ ಉಪಗ್ರಹದಿಂದಲೇ ಇತ್ತು. ತಂತಿ ಎಳೆಯಲಾಗದ ಕಾಡುಗುಡ್ಡಗಳ ಗ್ರಾಮಗಳಿಗೂ ಇದೇ ದಾರಿ. ಸುಮಾರು 550 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಕೆಳಕಕ್ಷೆಯ ಉಪಗ್ರಹಗಳೂ ಈಗ ಇವೆ. ಅವುಗಳಲ್ಲಿ ಈ ವಿಳಂಬವು ಬಹುಮಟ್ಟಿಗೆ ಮಾಯವಾಗುವುದು. ಅಂತಹ ಸೇವೆಯ ಸ್ಟಾರ್‌ಲಿಂಕ್ ಸಂಸ್ಥೆಗೆ 2025ರ ಜೂನಿನಲ್ಲಿ ನಮ್ಮ ಸರಕಾರದ ಪರವಾನಗಿಯು ದೊರೆಯಿತು.

ಗೃಹಸ್ಥರು ಗಮನಿಸತಕ್ಕ ಅಂಶಗಳು ಕೆಲವುಂಟು. ಎದುರಿನವರು ಮಾತು ಮುಗಿಸಿದ ಮೇಲೆ ಮನಸ್ಸಿನಲ್ಲಿ 'ಒಂದು, ಎರಡು' ಎಂದೆಣಿಸಿ ತೊಡಗಬೇಕು. ಪ್ರಶ್ನೆಗಳನ್ನು ಒಂದೊಂದಾಗಿ ಕೇಳಬೇಕು. ಕಿವಿಗೆ ಸಿಕ್ಕಿಸುವ ಸಾಧನವನ್ನು ಬಳಸಿದರೆ ನಮ್ಮ ಫೋನಿನಿಂದ ಮಾರ್ದನಿಯು ಎದುರಿನವರಿಗೆ ಹೋಗದು. ಸಂಪರ್ಕವು ದುರ್ಬಲವಾಗಿದ್ದರೆ ಮುಖ ಕಾಣುವ ಆಸೆಯನ್ನು ಬಿಟ್ಟು ಧ್ವನಿಯಷ್ಟಕ್ಕೇ ತೃಪ್ತರಾಗಬೇಕು. ಜಡಿಮಳೆಯಲ್ಲಿ ಅಲೆಗಳು ಕ್ಷೀಣಿಸುವುದರಿಂದ ಕರೆಯು ಕಡಿದುಹೋಗಬಹುದು; ಸಿಟ್ಟಿನಿಂದ ಇಟ್ಟುಬಿಟ್ಟರೆಂದು ಭಾವಿಸಲಾಗದು. ತೋಟದ ಮನೆಗೆ ಸ್ಥಿರ ಉಪಗ್ರಹದ ಆಂಟೆನಾ ಹಾಕಿಸುವವರು ತೆಂಕಣ ದಿಕ್ಕಿನ ಆಕಾಶಕ್ಕೆ ತೆಂಗು ಅಡಿಕೆಗಳು ಅಡ್ಡವಾಗದಂತೆ ನೋಡಿಕೊಳ್ಳಬೇಕು. ಪರದೇಶದಿಂದ ಬರುವ ಬಂಧುಗಳು ನೇರವಾಗಿ ಉಪಗ್ರಹಕ್ಕೆ ಕರೆಮಾಡುವ ಕೈಫೋನನ್ನು ಸರಕಾರದ ಅನುಮತಿಯಿಲ್ಲದೆ ತರಕೂಡದು, ಅದು ಅಪರಾಧವಾಗುವುದು.

ಇದನ್ನೆಲ್ಲ ಆ ತಾಯಿಗೆ ನೆಲದ ಮೇಲೆ ಬಳಪದಿಂದ ಬರೆದು ತೋರಿಸಿದೆನು. ಮುಂದಿನ ಭಾನುವಾರ ಅವರು ಕರೆಯನ್ನು ತೆಗೆದುಕೊಂಡರು. ಎರಡೆರಡು ಎಣಿಸುತ್ತ ಅರ್ಧ ಗಂಟೆ ಮಾತನಾಡಿದರಂತೆ. ಅಮ್ಮ ಎರಡು ವಾರ ಏಕೆ ಫೋನು ತೆಗೆಯಲಿಲ್ಲವೆಂದು ಹುಡುಗನೂ ಅಲ್ಲಿ ನಿದ್ದೆಗೆಟ್ಟಿದ್ದನಂತೆ. ಮದುವೆಯ ಮಾತಿಗೆ ಮಾತ್ರ ಮೂರು ಎಣಿಸಿದರೂ ಉತ್ತರವು ಬರಲಿಲ್ಲವೆಂದು ತಾಯಿ ನಗುತ್ತ ಹೇಳಿದರು. ಆ ವಿಳಂಬಕ್ಕೆ ಉಪಗ್ರಹವು ಹೊಣೆಯಲ್ಲ.