ಪುರುಷರ ಒಳ ಉಡುಪು : ಒಂದು ವಿಚಾರ

ಸ್ಮರಣ ಸಂಚಿಕೆಗಳ ಆರೋಗ್ಯ ವಿಭಾಗದಲ್ಲಿ ಹೃದ್ರೋಗಕ್ಕೂ ಮಧುಮೇಹಕ್ಕೂ ಸಲ್ಲುವ ಸ್ಥಾನ ಒಳ ಉಡುಪಿಗೆ ಸಲ್ಲುವುದಿಲ್ಲ. ಅದರ ಹೆಸರೆತ್ತಿದರೆ ಹಿರಿಯರು ಮುಖ ತಿರುಗಿಸುತ್ತಾರೆ, ಕಿರಿಯರು ನಗುತ್ತಾರೆ. ಆದರೆ ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಗಾಡಿಯಲ್ಲಿ ನಿಂತು ಮುಂಬಯಿಗೆ ಹೋಗಿಬರುವ ಗೃಹಸ್ಥನ ಮೈಗೆ ಮುಂಜಾನೆಯಿಂದ ರಾತ್ರಿಯವರೆಗೆ ಅಂಟಿಕೊಂಡಿರುವ ಬಟ್ಟೆ ಅದೇ. ಅಂಗಿಗೆ ಇಸ್ತ್ರಿ ಬೇಕು, ಬೂಟಿಗೆ ಪಾಲಿಶ್ ಬೇಕು; ಒಳಗಿನದಕ್ಕೆ ಮಾತ್ರ ಯಾವ ವಿಚಾರವೂ ಬೇಡ. ಅನೇಕ ಮನೆಗಳಲ್ಲಿ ಅದನ್ನು ಕೊಂಡು ತರುವವಳು ಹೆಂಡತಿ ಅಥವಾ ತಾಯಿ; ಅಳತೆಯೋ, ಮದುವೆಯಾದ ವರ್ಷದ್ದು!

ನಮ್ಮ ಹಿರಿಯರು ಲಂಗೋಟಿ ಕಟ್ಟುತ್ತಿದ್ದರು. ಅನಂತರ ಲಾಡಿಯ ಪಟ್ಟಾಪಟ್ಟಿ ಚಡ್ಡಿ ಬಂತು. ಸಿನಿಮಾದವರು ಅದನ್ನು ನಗೆಯ ವಸ್ತುವಾಗಿಸಿದರು. ನಗಲಿ, ಆದರೆ ಗಾಳಿಯಾಡುವ ಸಡಿಲವಾದ ಹತ್ತಿಯ ಆ ಚಡ್ಡಿ ನಮ್ಮ ಹವೆಗೆ ಒಪ್ಪುವ ಉಡುಪಾಗಿತ್ತೆಂಬುದನ್ನು ಮರೆಯುವಂತಿಲ್ಲ. ಇಂದು ನಾವು ತೊಡುವ ಬಿಗಿಯಾದ, ಕಾಲಿಲ್ಲದ ಜಾಕಿ ಮಾದರಿಯ ಚಡ್ಡಿ ಮೊದಲು ಮಾರಾಟಕ್ಕೆ ಬಂದದ್ದು 1935ರ ಜನವರಿಯಲ್ಲಿ, ಅಮೆರಿಕದ ಶಿಕಾಗೊ ನಗರದಲ್ಲಿ. ಹೊರಗೆ ಹಿಮಗಾಳಿ ಬೀಸುತ್ತಿದ್ದಾಗ. ಆ ಹೆಸರಿನ ಉಡುಪನ್ನು ಭಾರತದಲ್ಲಿ ತಯಾರಿಸುವ ಪೇಜ್ ಇಂಡಸ್ಟ್ರೀಸ್ ಕೇಂದ್ರವಿರುವುದು ನಮ್ಮ ಬೆಂಗಳೂರಿನಲ್ಲೇ. ವಸ್ತು ಒಳ್ಳೆಯದಿರಬಹುದು. ಶಿಕಾಗೊದ ಚಳಿಯಲ್ಲಿ ಮೊದಲು ಮಾರಾಟವಾದ ವಿನ್ಯಾಸವನ್ನು ಡೊಂಬಿವಲಿಯ ಮೇ ತಿಂಗಳಲ್ಲಿ, ಅದೂ ಉಲ್ಹಾಸನಗರದ ಬಿಗಿಯಾದ ಜೀನ್ಸಿನೊಳಗೆ ತೊಡುವ ಮುನ್ನ ಒಂದು ಕ್ಷಣ ಯೋಚಿಸಬಾರದೇ ಎಂಬುದಷ್ಟೇ ನನ್ನ ಪ್ರಶ್ನೆ.

ತೊಡೆಸಂದಿಯಲ್ಲಿ ಚರ್ಮಕ್ಕೆ ಚರ್ಮ ತಾಗಿರುತ್ತದೆ. ಅಲ್ಲಿ ಬೆವರು ನಿಂತರೆ, ಬಟ್ಟೆ ಉಜ್ಜಿದರೆ, ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆಯ ನೆಲೆ ಬೇರಿಲ್ಲ. ಕನ್ನಡದಲ್ಲಿ ಹುಳುಕಡ್ಡಿ ಎಂದೂ, ಕನ್ನಡ ಮರಾಠಿಗಳೆರಡರಲ್ಲೂ ಗಜಕರ್ಣ ಎಂದೂ ಕರೆಯುವ ರೋಗವಿದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಾಲ್ಕನಿಯ ಹಗ್ಗದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಅರೆಬರೆ ಒಣಗಿದ್ದನ್ನೇ ತೊಟ್ಟು ನಾವು 7.40ರ ಗಾಡಿಗೆ ಓಡುತ್ತೇವೆ.

ತುರಿಕೆ ಆರಂಭವಾದ ಮೇಲೆ ನಡೆಯುವುದು ಇನ್ನೂ ಶೋಚನೀಯ. ವೈದ್ಯರ ಮುಂದೆ ಬಟ್ಟೆ ಸರಿಸಲು ನಾಚಿಕೆ. ಔಷಧದಂಗಡಿಯಲ್ಲಿ ಪಿಸುಮಾತಿನಲ್ಲಿ ಕೇಳಿದರೆ ಸಿಗುವುದು ಮೂರು ನಾಲ್ಕು ಮದ್ದುಗಳನ್ನು ಬೆರೆಸಿದ ಒಂದು ಮುಲಾಮು. ಅದರಲ್ಲಿ ಅನೇಕ ವೇಳೆ ಕ್ಲೋಬೆಟಸಾಲ್‌ನಂತಹ ತೀವ್ರವಾದ ಸ್ಟೀರಾಯ್ಡ್ ಇರುತ್ತದೆ. ಎರಡು ದಿನಗಳಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ; ಶಿಲೀಂಧ್ರವಾದರೋ ಒಳಗೊಳಗೇ ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಮತ್ತೆಂದೂ ಮಾಸದ ಗೆರೆಗಳು ಮೂಡುತ್ತವೆ. 2018ರಲ್ಲಿ ಕೇಂದ್ರ ಸರಕಾರವು ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ವಿಧಿ ಕಾಗದದ ಮೇಲಿದೆ. ಮುಲಾಮು ಕೌಂಟರಿನ ಮೇಲಿದೆ.

ಇದರ ಜತೆಗೆ ಗುಳಿಗೆಗಳಿಗೂ ಬಗ್ಗದ ಶಿಲೀಂಧ್ರವೊಂದು ನಮ್ಮಲ್ಲಿ ಬಲಗೊಂಡಿದೆ. ಟರ್ಬಿನಾಫಿನ್ ಎಂಬ ಪ್ರಮುಖ ಮದ್ದನ್ನು ಎದುರಿಸಿ ನಿಲ್ಲುವ ಈ ಬಗೆಗೆ ವಿಜ್ಞಾನಿಗಳು 2020ರಲ್ಲಿ ಇಟ್ಟ ಹೆಸರು ಟ್ರೈಕೋಫೈಟಾನ್ ಇಂಡೋಟೀನಿಯೆ. ಭಾರತದ ಹೆಸರು ಹೊತ್ತು ಲೋಕವನ್ನು ಸುತ್ತುತ್ತಿರುವ ಈ ಕೀರ್ತಿ ನಮಗೆ ಬೇಕಿರಲಿಲ್ಲ. ಹಿಂದೆ ಕೆಲವು ವಾರಗಳಲ್ಲಿ ಮಾಯುತ್ತಿದ್ದ ರೋಗಕ್ಕೆ ಈಗ ಎಷ್ಟೋ ಮಂದಿ ತಿಂಗಳುಗಳ ಕಾಲ ಮದ್ದು ತೆಗೆದುಕೊಳ್ಳಬೇಕಾಗಿದೆ. ಒಬ್ಬನಿಗೆ ಬಂದರೆ ಹೆಂಡತಿ ಮಕ್ಕಳಿಗೂ ಹರಡುತ್ತದೆ. ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆಯಾಗದಿದ್ದರೆ ರೋಗ ಮನೆಯೊಳಗೇ ಸುತ್ತುತ್ತಿರುತ್ತದೆ.

ಈ ಮಾತು ಎಲ್ಲರಿಗಿಂತ ಹೆಚ್ಚಾಗಿ ಸಲ್ಲುವುದು ನಮ್ಮ ಹೋಟೆಲು ಕೆಲಸಗಾರರಿಗೆ. ಥಾಣೆಯಲ್ಲಿ, ವಾಶಿಯಲ್ಲಿ ಕಾವಲಿಯ ಮುಂದೆ ದಿನವಿಡೀ ನಿಂತು ದೋಸೆ ಹೊಯ್ಯುವ ಊರ ಹುಡುಗ ಬೆವರಿನಲ್ಲಿ ನೆನೆದಿರುತ್ತಾನೆ. ರಾತ್ರಿ ಹಲವರು ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಬಟ್ಟೆ ಒಣಹಾಕಲು ಒಂದೇ ಹಗ್ಗ, ಕೆಲವೊಮ್ಮೆ ಇಬ್ಬರಿಗೆ ಒಂದೇ ಬೈರಾಸು. ತುರಿಕೆ ಬಂದರೆ ಅವನು ಯಾರಿಗೆ ಹೇಳಬೇಕು? ಧಣಿಗಳಿಗೆ ಹೇಳಲು ಭಯ. ಒಬ್ಬೊಬ್ಬನಿಗೂ ಪ್ರತ್ಯೇಕ ಬೈರಾಸು, ಬಿಸಿನೀರಿನಲ್ಲಿ ಬಟ್ಟೆ ಒಗೆಯಲು ಅನುಕೂಲ, ಮಳೆಗಾಲದಲ್ಲಿ ಫ್ಯಾನಿನ ಗಾಳಿಗೆ ಒಣಹಾಕಲು ಸ್ಥಳ, ಇವು ದೊಡ್ಡ ಖರ್ಚಿನವಲ್ಲ. ನಮ್ಮ ಸಂಘಗಳಲ್ಲಿ ಹೋಟೆಲು ಉದ್ಯಮಿಗಳಿಗೆ ಕೊರತೆಯಿಲ್ಲವಾದ್ದರಿಂದ ಈ ಮಾತನ್ನು ಇಲ್ಲಿಯೇ ಆಡುತ್ತಿದ್ದೇನೆ.

ಸಂತಾನದ ವಿಷಯದಲ್ಲಿಯೂ ಒಂದು ಮಾತು. ವೃಷಣಗಳು ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪಾಗಿರಬೇಕೆಂದೇ ಪ್ರಕೃತಿ ಅವನ್ನು ಹೊರಗಿರಿಸಿದೆ. ಹಾರ್ವರ್ಡ್ ಸಂಶೋಧಕರು 656 ಪುರುಷರನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಡಿಲವಾದ ಬಾಕ್ಸರ್ ಚಡ್ಡಿ ತೊಡುವವರಲ್ಲಿ ವೀರ್ಯಾಣುಗಳ ಸಾಂದ್ರತೆ ಉಳಿದವರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು. ಬಿಗಿಯಾದ ಚಡ್ಡಿಯಿಂದ ಬಂಜೆತನ ಬರುತ್ತದೆಂದು ಇದರ ಅರ್ಥವಲ್ಲ. ಅವರೆಲ್ಲ ಸಂತಾನ ಚಿಕಿತ್ಸೆಗೆ ಬಂದ ದಂಪತಿಗಳಲ್ಲಿನ ಪುರುಷರು, ಬೇರೆ ಕಾರಣಗಳೂ ಇರಬಹುದು. ಆದರೆ ಐರೋಲಿ, ಮಹಾಪೆಗಳ ಕಚೇರಿಗಳಲ್ಲಿ ದಿನವಿಡೀ ಕುರ್ಚಿಗೆ ಅಂಟಿ ಕುಳಿತ ಮಗನನ್ನು ಬಿಟ್ಟು ಸೊಸೆಯನ್ನು ಮಾತ್ರ ವೈದ್ಯರಿಂದ ವೈದ್ಯರಿಗೆ ಅಲೆಸುವ ಮನೆಯವರು ಇದನ್ನೊಮ್ಮೆ ಓದಬೇಕು. ಮಗನ ಪರೀಕ್ಷೆಯೂ ಅಗತ್ಯ. ವೀರ್ಯಾಣು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕಾದ್ದರಿಂದ ಚಡ್ಡಿ ಬದಲಿಸಿದ ಮರುದಿನವೇ ಫಲ ಬಯಸುವಂತೆಯೂ ಇಲ್ಲ.

ಇನ್ನು ಆಯ್ಕೆ. ಪೊಟ್ಟಣದ ಮೇಲಿನ 85, 90, 95 ಎಂಬ ಅಂಕಿಗಳು ಸೊಂಟದ ಸುತ್ತಳತೆಯ ಸೆಂಟಿಮೀಟರುಗಳು. 90 ಎಂದರೆ ಸುಮಾರು ಮೂವತ್ತೈದೂವರೆ ಅಂಗುಲ. ವರ್ಷಕ್ಕೊಮ್ಮೆ ಟೇಪು ಹಿಡಿದು ಅಳೆದುಕೊಳ್ಳಿ. ಸಂಜೆ ಬಿಚ್ಚಿದಾಗ ಎಲಾಸ್ಟಿಕ್ಕಿನ ಗೆರೆ ಆಳವಾಗಿ ಮೂಡಿದ್ದರೆ ಅಳತೆ ಚಿಕ್ಕದು. ತೊಡೆಗಳು ಉಜ್ಜುವ ಸ್ಥೂಲಕಾಯರಿಗೆ ಅರ್ಧ ತೊಡೆ ಮುಚ್ಚುವಂಥದೇ ಲೇಸು. ಹತ್ತಿ ಬೆವರು ಹೀರುತ್ತದೆ, ಆದರೆ ಬೇಗ ಒಣಗದು. ಆದ್ದರಿಂದ ಸಂಜೆ ಮನೆಗೆ ಬಂದೊಡನೆ ಬದಲಿಸಲೇಬೇಕು. ಬಿಗಿಯಾದ ಪಾಲಿಯೆಸ್ಟರ್ ನಮ್ಮ ಹವೆಗೆ ಬೇಡ. ಮೋಡಾಲ್ ಎಂದು ದುಬಾರಿ ಬೆಲೆಗೆ ಮಾರುವ ನುಣುಪು ಬಟ್ಟೆಯೂ ಮರದ ತಿರುಳಿನ ನೂಲೇ, ಕಲ್ಯಾಣದ ಪಕ್ಕದ ಶಹಾಡಿನಲ್ಲಿ ತಯಾರಾಗುತ್ತ ಬಂದ ರೇಯಾನಿನ ಬಂಧು. ಹಿತವಾಗಿದೆ, ಅನುಕೂಲವಿದ್ದವರು ಕೊಳ್ಳಲಿ. ಕಾಲ್ಬೆರಳ ಸಂದಿಯಲ್ಲಿ ಶಿಲೀಂಧ್ರವಿರುವವರು ಮೊದಲು ಕಾಲುಚೀಲ ತೊಟ್ಟು ಅನಂತರ ಚಡ್ಡಿ ಏರಿಸುವುದು ಒಳ್ಳೆಯದು. ಇಲ್ಲವಾದರೆ ಪಾದದ ರೋಗ ತೊಡೆಗೆ ಏರುತ್ತದೆ. ಹರ್ನಿಯಾ ಇದ್ದವರು ಲಂಗೋಟಿ ಬಿಗಿದು ವರ್ಷಗಳನ್ನು ನೂಕದೆ ಶಸ್ತ್ರವೈದ್ಯರನ್ನು ಕಾಣಬೇಕು.

ಸಂಘ ಸಂಸ್ಥೆಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ, ಕಣ್ಣು ಇವುಗಳ ತಪಾಸಣೆಗೆ ಸಾಲು ಸಾಲು ಮೇಜುಗಳಿರುತ್ತವೆ. ಮುಂದಿನ ಶಿಬಿರದಲ್ಲಿ ಚರ್ಮವೈದ್ಯರೊಬ್ಬರಿಗೂ ಮೂಲೆಯಲ್ಲಿ ಒಂದು ಮೇಜು, ಅದರ ಸುತ್ತ ದಪ್ಪನೆಯ ಒಂದು ಪರದೆ ಇರಲೆಂದು ಕಾರ್ಯಕಾರಿ ಸಮಿತಿಯವರಲ್ಲಿ ಬಿನ್ನಹ. ಶಿಬಿರವನ್ನು ಹೋಟೆಲುಗಳಿಗೆ ಬಿಡುವಿರುವ ಮಧ್ಯಾಹ್ನ ಮೂರರ ನಂತರವೂ ತೆರೆದಿಟ್ಟರೆ ಹುಡುಗರು ಬಂದಾರು.