ಒಂದು ಸಹಿ, ಒಂದು ಸಭೆ

ನಮ್ಮ ಜತ್ತ ಒಂದು ಕಾಲಕ್ಕೆ ಸಂಸ್ಥಾನವಾಗಿತ್ತು. ಡಫಳೆ ಮನೆತನದ ಅರಸರು ಇಲ್ಲಿ ಆಳಿದರು. ಆ ಕಾಲದಲ್ಲಿ ಅರಸರ ಅಪ್ಪಣೆಯೇ ಬಹುಮಟ್ಟಿಗೆ ಕಾಯ್ದೆ. ಡಂಗುರ ಸಾರಿದರೆ ಮುಗಿಯಿತು. ಅಪ್ಪಣೆ ಒಳ್ಳೆಯದಿದ್ದರೆ ಪ್ರಜೆಗಳ ಪುಣ್ಯ, ಕೆಟ್ಟದ್ದಿದ್ದರೆ ಅವರ ಕರ್ಮ. 1948 ರ ಮಾರ್ಚ್ 8 ರಂದು ದಖ್ಖನಿನ ಇತರ ಹಲವು ಸಂಸ್ಥಾನಗಳೊಡನೆ ಜತ್ತವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಪ್ರಜೆಗಳಾಗಿದ್ದ ನಾವು ನಾಗರಿಕರಾದೆವು. ಆದರೆ ಒಂದೇ ಸಹಿಯಿಂದ ಕೆಲಸ ಮುಗಿಸಿಬಿಡುವ ಆಸೆ ಅರಸೊತ್ತಿಗೆಯೊಡನೆ ಹೋಯಿತೇ? ಇದನ್ನು ವಿದ್ಯಾರ್ಥಿಗಳೂ ಪಾಲಕರೂ ವಿಚಾರ ಮಾಡಬೇಕೆಂಬುದು ನಮ್ಮ ಆಶಯ.

ಆ ಅರಸರದೇ ಒಂದು ಉದಾಹರಣೆ ನೋಡೋಣ. ಸಂಸ್ಥಾನಗಳನ್ನು ಒಪ್ಪಿಸಿದ ಅರಸರಿಗೆ ವರ್ಷಕ್ಕಿಷ್ಟು ರಾಜಧನ ಕೊಡುವುದಾಗಿ ಸರಕಾರ ಮಾತು ಕೊಟ್ಟಿತ್ತು. ಸಂವಿಧಾನದ 291 ನೆಯ ಕಲಮು ಆ ಮಾತಿಗೆ ಆಧಾರವಾಗಿತ್ತು. ಬಡವರೇ ತುಂಬಿದ ದೇಶದಲ್ಲಿ ಅರಸರಿಗೆ ಮಾತ್ರ ಈ ಸವಲತ್ತೇಕೆ ಎಂಬ ಪ್ರಶ್ನೆ ಮುಂದೆ ಎದ್ದಿತು. ಪ್ರಶ್ನೆ ನ್ಯಾಯವಾದದ್ದೇ. 1970 ರ ಸಪ್ಟೆಂಬರದಲ್ಲಿ ಇಂದಿರಾ ಗಾಂಧಿಯವರ ಸರಕಾರ ಸಂವಿಧಾನವನ್ನು ತಿದ್ದುವ ಮಸೂದೆ ತಂದಿತು. ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಮಸೂದೆಯ ಪರವಾಗಿ 149, ವಿರುದ್ಧವಾಗಿ 75 ಮತಗಳು ಬಿದ್ದವು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ: ಒಟ್ಟು 224, ಅದರ ಮೂರರಲ್ಲಿ ಎರಡು ಪಾಲು ಎಂದರೆ 149 ಕ್ಕಿಂತ ತುಸು ಹೆಚ್ಚು. ಒಂದು ಮತದ ಮೂರರಲ್ಲಿ ಒಂದಂಶ ಕಡಿಮೆ ಬಿದ್ದು ಮಸೂದೆ ಸೋತಿತು.

ಆಗ ಸರಕಾರ ಮಾಡಿದ್ದೇನು? ಮರುದಿನವೇ ರಾಷ್ಟ್ರಪತಿ ವಿ. ವಿ. ಗಿರಿಯವರಿಂದ ಒಂದು ಆಜ್ಞೆಗೆ ಸಹಿ ಮಾಡಿಸಿತು. ದೇಶದ ಅರಸರೆಲ್ಲರ ಮಾನ್ಯತೆ ಆ ಸಹಿಯಿಂದ ರದ್ದಾಯಿತು. ಸಭೆ ಕೊಡದಿದ್ದುದನ್ನು ಸಹಿ ಕೊಟ್ಟಿತು! ಆದರೆ ಅರಸರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಡಿಸೆಂಬರ 15 ರಂದು ನ್ಯಾಯಾಲಯ ಆ ಆಜ್ಞೆಯನ್ನು ಕಿತ್ತುಹಾಕಿತು. ಎಲ್ಲ ಅರಸರ ಮಾನ್ಯತೆಯನ್ನು ಹೀಗೆ ಒಮ್ಮೆಲೇ ಅಳಿಸುವ ಅಧಿಕಾರ ರಾಷ್ಟ್ರಪತಿಗಳಿಗಿಲ್ಲವೆಂದು ಅದರ ತೀರ್ಪು. ಮುಂದೆ 1971 ರಲ್ಲಿ ಚುನಾವಣೆ ನಡೆಯಿತು, ಹೊಸ ಲೋಕಸಭೆ ಬಂದಿತು, 26 ನೆಯ ತಿದ್ದುಪಡಿ ನೇರ ದಾರಿಯಲ್ಲಿ ಪಾಸಾಯಿತು. ಅಂದು ಹೋದ ರಾಜಧನ ಮತ್ತೆ ಬರಲಿಲ್ಲ. ಗುರಿ ಎರಡೂ ಸಲ ಒಂದೇ. ಸಹಿಯ ದಾರಿ ಮೂರು ತಿಂಗಳು ಬಾಳಿತು. ಸಭೆಯ ದಾರಿ ಇಂದಿಗೂ ನಿಂತಿದೆ.

ಕೆಲವರು ಕೇಳಬಹುದು: ಸಭೆಗಳೆಂದರೆ ಬರೀ ಮಾತು, ಕೆಲಸ ಬೇಗ ಆಗುವುದು ಬೇಡವೇ? ಬೇಕು. ಬರಗಾಲ ಬಿದ್ದಾಗ ನಮ್ಮ ಊರುಗಳಿಗೆ ಟ್ಯಾಂಕರ ನೀರು ಕಳಿಸಲು ವಿಧಾನಸಭೆ ಕೂಡುವವರೆಗೆ ಕಾಯಲಾದೀತೇ? ಸಂವಿಧಾನ ರಚಿಸಿದವರು ಇದನ್ನು ಬಲ್ಲವರಾಗಿದ್ದರು. ಆದ್ದರಿಂದಲೇ ಸಂಸತ್ತು ಕೂಡದಿರುವಾಗ ತುರ್ತಾಗಿ ಸುಗ್ರೀವಾಜ್ಞೆ ಹೊರಡಿಸುವ ಅಧಿಕಾರವನ್ನು 123 ನೆಯ ಕಲಮಿನಲ್ಲಿ ರಾಷ್ಟ್ರಪತಿಗಳಿಗೆ ಕೊಟ್ಟರು. ರಾಜ್ಯಗಳಲ್ಲಿ ಅದೇ ಅಧಿಕಾರ ರಾಜ್ಯಪಾಲರಿಗಿದೆ. ಆದರೆ ಕೊಟ್ಟ ಕೈಯಿಂದಲೇ ಒಂದು ಕಡಿವಾಣವನ್ನೂ ಹಾಕಿದರು. ಸದನ ಮತ್ತೆ ಕೂಡಿದ ಆರು ವಾರಗಳಲ್ಲಿ ಅದು ಒಪ್ಪದಿದ್ದರೆ ಸುಗ್ರೀವಾಜ್ಞೆ ತಾನಾಗಿಯೇ ಸಾಯುತ್ತದೆ.

ಈ ಕಡಿವಾಣವನ್ನೂ ತಪ್ಪಿಸಿಕೊಂಡವರಿದ್ದಾರೆ. ಬಿಹಾರದಲ್ಲಿ 1967 ರಿಂದ 1981 ರವರೆಗೆ 256 ಸುಗ್ರೀವಾಜ್ಞೆಗಳು ಹೊರಟವು. ಅವಧಿ ತೀರುವ ಮೊದಲೇ ಅವನ್ನು ಮತ್ತೆ ಮತ್ತೆ ಹೊರಡಿಸಿ, ಕೆಲವನ್ನು 14 ವರ್ಷಗಳವರೆಗೆ ಜೀವಂತ ಇಟ್ಟಿದ್ದರು. ಪುಣೆಯ ಗೋಖಲೆ ಸಂಸ್ಥೆಯ ಪ್ರಾಧ್ಯಾಪಕ ಡಿ. ಸಿ. ವಾಧ್ವಾ ಅವರು ಇದನ್ನು ಒಂದೊಂದಾಗಿ ಲೆಕ್ಕಹಾಕಿ ನ್ಯಾಯಾಲಯಕ್ಕೆ ಒಯ್ದರು. 1986 ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪದ್ಧತಿಯನ್ನು ಸಂವಿಧಾನಕ್ಕೆ ಬಗೆದ ವಂಚನೆಯೆಂದು ಖಂಡಿಸಿತು. ಒಬ್ಬ ಶಿಕ್ಷಕನ ತಾಳ್ಮೆಯ ಓದಿನಿಂದ ಇಷ್ಟಾಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಅವಸರದ ಸಹಿಯ ಇನ್ನೊಂದು ಮುಖವನ್ನು ನಮ್ಮ ಹಿರಿಯರು ಕಂಡಿದ್ದಾರೆ. 1975 ರ ಜೂನ್ 25 ರ ರಾತ್ರಿ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಮಾಡಿದರು. ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಮಂತ್ರಿಮಂಡಲದ ಲಿಖಿತ ಸಲಹೆಯಿಲ್ಲದೆ ಅಂಥ ಘೋಷಣೆ ಸಲ್ಲದೆಂದು 1978 ರ 44 ನೆಯ ತಿದ್ದುಪಡಿ ನಿಯಮ ಮಾಡಿತು. ಇದು ನಮ್ಮ ದೇಶಕ್ಕಷ್ಟೇ ಅಂಟಿದ ರೋಗವಲ್ಲ. 1952 ರಲ್ಲಿ, ಕೊರಿಯಾ ಯುದ್ಧ ನಡೆದಿದ್ದಾಗ, ಅಮೇರಿಕದ ಅಧ್ಯಕ್ಷ ಟ್ರೂಮನ್‌ರು ಒಂದು ಆಜ್ಞೆಯಿಂದ ಉಕ್ಕಿನ ಕಾರಖಾನೆಗಳನ್ನು ಸರಕಾರದ ವಶಕ್ಕೆ ತೆಗೆದುಕೊಂಡರು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಎರಡೇ ತಿಂಗಳಲ್ಲಿ ಅದನ್ನು ತಳ್ಳಿಹಾಕಿತು.

ಹಾಗಾದರೆ ಆಜ್ಞೆ ಒಳ್ಳೆಯದೋ ಕೆಟ್ಟದ್ದೋ? ಆಜ್ಞೆ ಬಿತ್ತಿದ ಬೀಜವಿದ್ದಂತೆ, ಕಾಯ್ದೆಯಾಗಿ ಬೆಳೆದರೆ ಮಾತ್ರ ಫಲ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಕೇಳಿದವರಿಗೆ ಕೆಲಸ ಕೊಡಬೇಕೆಂಬ ವಿ. ಸ. ಪಾಗೆಯವರ ವಿಚಾರದ ಪ್ರಯೋಗ ಮೊದಲು ನಡೆದದ್ದು ತಾಸಗಾಂವ ತಾಲೂಕಿನಲ್ಲಿ. 1972 ರ ದೊಡ್ಡ ಬರಗಾಲದಲ್ಲಿ ರೋಜಗಾರ ಹಮಿ ಯೋಜನೆ ಸರಕಾರದ ನಿರ್ಣಯದಿಂದ ರಾಜ್ಯಕ್ಕೆಲ್ಲ ಬಂದಿತು. 1977 ರಲ್ಲಿ ಅದು ಕಾಯ್ದೆಯಾಗಿ, 1979 ರ ಜನೇವರಿ 26 ರಿಂದ ಜಾರಿಗೆ ಬಂದಿತು. ಮೊದಲು ಖಡಿ ಒಡೆಯುವ ಕೆಲಸ ಸಿಕ್ಕರೆ ಅದು ಸರಕಾರದ ದಯೆ. ಕಾಯ್ದೆಯಾದ ಮೇಲೆ ಅದು ಕೂಲಿಕಾರನ ಹಕ್ಕು. ಆಜ್ಞೆ ಕೊಟ್ಟದ್ದನ್ನು ಇನ್ನೊಂದು ಆಜ್ಞೆ ಸದ್ದಿಲ್ಲದೆ ಕಸಿಯಬಲ್ಲದು; ಕಾಯ್ದೆ ಕೊಟ್ಟದ್ದನ್ನು ಕಸಿಯಬೇಕಾದರೆ ಸಭೆಯಲ್ಲಿ ಎಲ್ಲರ ಎದುರು ಕೈ ಎತ್ತಬೇಕಾಗುತ್ತದೆ.

ಕನ್ನಡ ಶಾಲೆಯವರಾದ ನಮಗೆ ಇದು ದಿಲ್ಲಿಯ ದೂರದ ಮಾತಲ್ಲ. ಮಹಾರಾಷ್ಟ್ರದಲ್ಲಿ ನಾವು ಅಲ್ಪಸಂಖ್ಯಾತ ಭಾಷೆಯವರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ತಾಯ್ನುಡಿಯಲ್ಲಿ ಕೊಡಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350 ಎ ಕಲಮು ಹೇಳುತ್ತದೆ. ಅದಕ್ಕಾಗಿ ರಾಜ್ಯಗಳಿಗೆ ನಿರ್ದೇಶನ ಕೊಡುವ ಅಧಿಕಾರ ರಾಷ್ಟ್ರಪತಿಗಳಿಗಿದೆ. 1956 ರಲ್ಲಿ ಸಂಸತ್ತೇ ಚರ್ಚಿಸಿ ಸೇರಿಸಿದ ಮಾತಿದು. ರಾಷ್ಟ್ರಪತಿಗಳ ಸಹಿಗೆ ಬೆಲೆ ಬರುವುದು ಇಂಥ ಬರೆಹದಿಂದ. ಕಾಗದವೊಂದು ಶಾಲೆಗೆ ಬಂದಾಗ ಅದು ನಮಗೆ ಅನುಕೂಲವೋ ಪ್ರತಿಕೂಲವೋ ಎಂದಷ್ಟೇ ನೋಡದೆ, ಯಾವ ಕಾಯ್ದೆಯ ಆಧಾರದಿಂದ ಬಂದಿದೆ ಎಂದೂ ನೋಡಬೇಕು. ನಮಗೆ ಇಷ್ಟವಾದ ಆಜ್ಞೆಯ ವಿಷಯದಲ್ಲಿಯೂ ಈ ಪ್ರಶ್ನೆ ಕೇಳುವುದೇ ನಿಜವಾದ ಪರೀಕ್ಷೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ವರ್ಗದ ಮುಖಂಡನಾದರೂ ಸಹಪಾಠಿಗಳನ್ನು ಕೇಳದೆ ನಿಯಮ ಮಾಡಿದರೆ ಅದು ಎಷ್ಟು ದಿನ ನಡೆದೀತು? ಪಾಲಕರೇ, ಗ್ರಾಮಸಭೆ ಕೂಡಿದ ದಿನ ಹೊಲದ ಕೆಲಸ ಒಂದು ತಾಸು ಬಿಟ್ಟು ಬನ್ನಿರಿ. ಸಭೆಯಲ್ಲಿ ನಮ್ಮ ಜಾಗ ಖಾಲಿ ಉಳಿದರೆ ಆ ಜಾಗದಲ್ಲಿ ಯಾರದೋ ಸಹಿ ಬಂದು ಕೂಡುತ್ತದೆ. ಡಂಗುರದ ಕಾಲ ಹೋಯಿತು. ಅದು ಮರಳಿ ಬಾರದಂತೆ ನೋಡಿಕೊಳ್ಳುವ ಹೊಣೆ ಅರಸರದಲ್ಲ, ನಮ್ಮದು.